ಹಳೆಯ ಕಾಂಕ್ರೀಟು ಕಟ್ಟಡ ಕಂಪನ ತಾಳೀತೇ?

ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ಅಂಗಡಿ ಬೀದಿಯಲ್ಲಿ ನಡೆಯುವಾಗ ಒಮ್ಮೆ ತಲೆ ಎತ್ತಿ ನೋಡಿ. ಕೆಳಗೆ ಷಟರ್ ಹಾಕಿದ ಮಳಿಗೆಗಳು, ಮೇಲೆ ಮನೆಗಳು. ಅಂದರೆ ಕೆಳಗೆ ಬರೀ ಕಂಬ, ಮೇಲೆ ತುಂಬ ಗೋಡೆ. "ನಮ್ಮ ಕಡೆ ಭೂಕಂಪ ಎಲ್ಲಿ ಆಗುತ್ತದೆ?" ಎನ್ನುವವರೇ ಹೆಚ್ಚು.

ಆ ಮಾತು ಪೂರ್ತಿ ತಪ್ಪೇನಲ್ಲ. 2002ರ ಭೂಕಂಪ ನಕ್ಷೆ ಮೈಸೂರು ಜಿಲ್ಲೆಯನ್ನು ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿಟ್ಟಿತ್ತು. ಆದರೆ 1993ರ ಸೆಪ್ಟೆಂಬರ್ 30ರಂದು ನೆಲಸಮವಾದ ಮಹಾರಾಷ್ಟ್ರದ ಕಿಲ್ಲಾರಿಯೂ ಅಂದಿನ ನಕ್ಷೆಯಲ್ಲಿ ಕನಿಷ್ಠ ಅಪಾಯದ ವಲಯದಲ್ಲೇ ಇತ್ತು. 1900ರಲ್ಲಿ ಸುಮಾರು 6 ಪರಿಮಾಣದ ಭೂಕಂಪ ಕಂಡ ಕೊಯಮತ್ತೂರು ನಂಜನಗೂಡಿನಿಂದ ನೇರ ದೂರದಲ್ಲಿ ಸುಮಾರು 130 ಕಿ.ಮೀ. ಅಷ್ಟೆ.

ಒಂದು ಲೆಕ್ಕ ಮಾಡೋಣ. ಎರಡು ಅಂತಸ್ತಿನ ಹಳೆಯ ಶಾಲೆಯೊಂದರ ತೂಕ 300 ಟನ್. ನಾಲ್ಕು ಚೌಕಟ್ಟು, ಒಂದೊಂದಕ್ಕೆ ಮೂರರಂತೆ 12 ಕಂಬ; ಕಂಬದ ಅಳತೆ 230×300 ಮಿ.ಮೀ. ಎಂದುಕೊಳ್ಳಿ. 2002ರ ಸಂಹಿತೆಯಂತೆ 2ನೇ ವಲಯದ ಇಂಥ ಶಾಲೆ ತನ್ನ ತೂಕದ ಶೇ. 6.25ರಷ್ಟು, ಎಂದರೆ ಸುಮಾರು 184 ಕಿಲೋನ್ಯೂಟನ್ ಅಡ್ಡಬಲ ತಾಳಬೇಕು. ಇದನ್ನು ಕಂಬಗಳ ಒಟ್ಟು ವಿಸ್ತೀರ್ಣ 8,28,000 ಚ.ಮಿ.ಮೀ.ನಿಂದ ಭಾಗಿಸಿದರೆ 0.22. ತುದಿಯ ಕಂಬಗಳು ಹೊರುವ ಪಾಲು ಕಡಿಮೆ. ಅದಕ್ಕಾಗಿ 12/(12-4), ಅಂದರೆ 1.5ರಿಂದ ಗುಣಿಸಬೇಕು. ಉತ್ತರ, ಚ.ಮಿ.ಮೀ.ಗೆ 0.33 ನ್ಯೂಟನ್. ಹಳೆಯ ಕಟ್ಟಡಗಳ ಮೌಲ್ಯಮಾಪನಕ್ಕೆಂದೇ 2013ರಲ್ಲಿ ಬಂದ ಐ.ಎಸ್. 15988ರ ಮಿತಿ 0.4 ಅಥವಾ ಕಾಂಕ್ರೀಟಿನ ಬಲದ ವರ್ಗಮೂಲದ ಹತ್ತನೇ ಒಂದು ಭಾಗ, ಎರಡರಲ್ಲಿ ಕಡಿಮೆಯದು. ಬಲ 15 ಇದ್ದರೆ ಮಿತಿ 0.39, ಶಾಲೆ ಪಾಸು. 10 ಇದ್ದರೆ 0.32, ಫೇಲು! (ಹಳೆಯ ಕಟ್ಟಡಕ್ಕೆ ಸಂಹಿತೆ ಕೊಡುವ ರಿಯಾಯಿತಿಯನ್ನು ಇಲ್ಲಿ ಬಿಟ್ಟಿದ್ದೇನೆ.) ವಲಯ ಅದೇ, ನಕ್ಷೆ ಅದೇ, ಬದಲಾದದ್ದು ಕಾಂಕ್ರೀಟು ಮಾತ್ರ.

ಆ ಬಲವನ್ನು ಅಳೆಯುವುದು ಹೇಗೆ? ಸ್ಪ್ರಿಂಗ್ ಸುತ್ತಿಗೆಯಿಂದ ಬಡಿದು ಅದು ಎಷ್ಟು ಪುಟಿಯಿತೆಂದು ನೋಡುವುದು ಸುಲಭ. ಆದರೆ ಇದು ಮೋಸ ಮಾಡಬಲ್ಲದು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿದು, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಕಾರ್ಬೊನೇಟ್ ಮಾಡಿ, ಮೇಲ್ಮೈಯನ್ನು ಗಟ್ಟಿಗೊಳಿಸುತ್ತದೆ. ಸುತ್ತಿಗೆ ಚೆನ್ನಾಗಿ ಪುಟಿಯುತ್ತದೆ. ಒಳಗೆ ಕಬ್ಬಿಣವನ್ನು ಕಾಯುತ್ತಿದ್ದ ಕ್ಷಾರಗುಣ ಹೋಗಿರುತ್ತದೆ. ಆಮೇಲೆ ತೇವ ಸಿಕ್ಕಿದರೆ ಸರಳು ತುಕ್ಕು ಹಿಡಿದು, ಉಬ್ಬಿ, ಕಾಂಕ್ರೀಟನ್ನು ಸೀಳುತ್ತದೆ.

ಇದನ್ನು ಪತ್ತೆಹಚ್ಚುವ ದ್ರಾವಣ ನಿಮ್ಮ ಪ್ರಯೋಗಶಾಲೆಯಲ್ಲೇ ಇದೆ: ಫಿನಾಲ್ಫ್ಥಲೀನ್. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಹನಿಸಿದರೆ ಕ್ಷಾರ ಉಳಿದ ಭಾಗ ಗುಲಾಬಿಯಾಗುತ್ತದೆ, ಕಳೆದುಕೊಂಡ ಭಾಗಕ್ಕೆ ಬಣ್ಣವಿಲ್ಲ. ಕೆಡವಿದ ಕಟ್ಟಡದ ಚೂರು ತಂದು ಮಕ್ಕಳಿಗೆ ತೋರಿಸಬಹುದು. (ನಿಂತಿರುವ ಕಂಬಕ್ಕೆ ಉಳಿ ಹಾಕುವುದು ಎಂಜಿನಿಯರರ ಕೆಲಸ.) ನಿಜವಾದ ಬಲ ತಿಳಿಯಲು ಕಂಬ, ತೊಲೆಗಳಿಂದ ಕೊಳವೆಯಾಕಾರದ ತುಂಡು ಕೊರೆದು ತೆಗೆದು, ಒತ್ತಿ ಒಡೆಯಬೇಕು.

ದುರ್ಬಲ ಕಂಬಕ್ಕೆ ಸುತ್ತಲೂ ಹೊಸ ಕಾಂಕ್ರೀಟಿನ ಕವಚ ತೊಡಿಸುತ್ತಾರೆ. ಹೊಸ ಸರಳುಗಳು ಚಾವಣಿಯನ್ನು ಹಾಯ್ದು ಪಾಯದವರೆಗೂ ಹೋಗಬೇಕು. ಇಲ್ಲದಿದ್ದರೆ ಅದು ದಪ್ಪನೆಯ ಪ್ಲಾಸ್ಟರ್ ಅಷ್ಟೆ. ರಿಂಗುಗಳನ್ನು ಒತ್ತಾಗಿ ಕಟ್ಟಿ, ತುದಿಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸಬೇಕು. 90 ಡಿಗ್ರಿಗೇ ಬಿಟ್ಟ ರಿಂಗು ಕಂಪನದಲ್ಲಿ ಬಿಚ್ಚಿಕೊಳ್ಳುತ್ತದೆ.

ಮಳಿಗೆಯ ಕಟ್ಟಡಗಳ ಚಿಕಿತ್ಸೆ ಬೇರೆ. 2001ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಕುಸಿದವುಗಳಲ್ಲಿ ಕೆಳ ಅಂತಸ್ತು ತೆರೆದಿದ್ದ ಕಟ್ಟಡಗಳು ಬಹಳ. ಇವಕ್ಕೆ ನೆಲ ಅಂತಸ್ತಿನಲ್ಲಿ ಎರಡೂ ದಿಕ್ಕಿಗೆ ಕಾಂಕ್ರೀಟು ಗೋಡೆ ಸೇರಿಸಬೇಕು. ಮಳಿಗೆಯವರು ಜಾಗ ಬಿಡುತ್ತಾರೆಯೇ ಎಂಬುದೇ ದೊಡ್ಡ ಪ್ರಶ್ನೆ.

ಶಾಲೆಗಳಲ್ಲಿ ಇನ್ನೊಂದು ದೋಷವುಂಟು. ಪಡಸಾಲೆಯ ಕಂಬಗಳ ನಡುವೆ ಅರ್ಧ ಎತ್ತರದ ಗೋಡೆ ಕಟ್ಟಿರುತ್ತಾರೆ. ಕಂಬದ ಮೇಲರ್ಧ ಮಾತ್ರ ಅಲುಗಾಡಲು ಬಿಡುವಿರುವುದರಿಂದ ಬಲವೆಲ್ಲ ಅಲ್ಲೇ ಸೇರಿ ಕಂಬ ಓರೆಯಾಗಿ ಸೀಳುತ್ತದೆ. ಗೋಡೆಗೂ ಕಂಬಕ್ಕೂ ನಡುವೆ ಎಂಜಿನಿಯರ್ ಹೇಳಿದಷ್ಟು ಸಂದು ಕೊಯ್ದು, ಮೆತ್ತನೆಯ ವಸ್ತು ತುಂಬಿ, ಗೋಡೆ ಉರುಳದಂತೆ ಬೇರೆ ಆಸರೆ ಕೊಟ್ಟರಾಯಿತು. ಬೇಸಿಗೆ ರಜೆಯಲ್ಲೇ ಮುಗಿಯುವ ಕೆಲಸ.