ಚಂಡಮಾರುತದ ಮುನ್ಸೂಚನೆ: ಉದ್ಯಮಿಗಳು ಅರಿಯಬೇಕಾದ ಸಂಗತಿಗಳು

ಕಡಲಿನಲ್ಲಿ ಏಳುವ ಚಂಡಮಾರುತವು ಮೀನುಗಾರರಿಗೂ ನಾವಿಕರಿಗೂ ಮಾತ್ರ ಸಂಬಂಧಿಸಿದ ವಿಷಯವೆಂಬ ಭಾವನೆ ಒಳನಾಡಿನ ಅನೇಕ ಉದ್ಯಮಿಗಳಲ್ಲಿದೆ. ಆದರೆ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ರೈಲಿನಲ್ಲಿ ಹೊರಡುವ ಸರಕು ಚೆನ್ನೈನಲ್ಲಿ ಹಡಗೇರಬೇಕು; ನವಮಂಗಳೂರು ಬಂದರಿನ ಸರಕು ಅರಬ್ಬೀ ಸಮುದ್ರವನ್ನು ಹಾಯಬೇಕು. ಆದುದರಿಂದ ಚಂಡಮಾರುತದ ಪ್ರಕಟಣೆಯನ್ನು ಸರಿಯಾಗಿ ಓದಿಕೊಳ್ಳುವುದೂ ವ್ಯವಹಾರಜ್ಞಾನದ ಒಂದು ಭಾಗವೇ ಆಗಿದೆ.

ನಿಗಾ ವಹಿಸುವ ಕೇಂದ್ರಗಳು

ಪ್ರಪಂಚದ ಸಾಗರಗಳಲ್ಲಿ ವರ್ಷಕ್ಕೆ ಸರಾಸರಿ 80ರಿಂದ 90 ಚಂಡಮಾರುತಗಳು ಹುಟ್ಟುತ್ತವೆ. ಪ್ರಬಲವಾದವುಗಳಿಗೆ ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಎಂದೂ, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್ ಎಂದೂ ಹೆಸರು. ವಿಶ್ವ ಹವಾಮಾನ ಸಂಸ್ಥೆಯ ವ್ಯವಸ್ಥೆಯಲ್ಲಿ ಮಯಾಮಿ, ಹೊನೊಲುಲು, ಟೋಕಿಯೊ, ನವದೆಹಲಿ, ರಿಯೂನಿಯನ್ ದ್ವೀಪ ಹಾಗೂ ಫಿಜಿಗಳಲ್ಲಿರುವ ಆರು ಪ್ರಾದೇಶಿಕ ಕೇಂದ್ರಗಳು ಸಾಗರಗಳನ್ನು ಹಂಚಿಕೊಂಡು ನಿಗಾ ವಹಿಸುತ್ತವೆ. ಆಸ್ಟ್ರೇಲಿಯಾ ಮೊದಲಾದೆಡೆಗಳಲ್ಲಿ ಪ್ರತ್ಯೇಕ ಎಚ್ಚರಿಕೆ ಕೇಂದ್ರಗಳೂ ಇವೆ. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರಗಳ ಹೊಣೆ ನವದೆಹಲಿಯ ಭಾರತೀಯ ಹವಾಮಾನ ಇಲಾಖೆಯದು. ಇವೆರಡರಲ್ಲಿ ವರ್ಷಕ್ಕೆ ಸರಾಸರಿ ಐದು ಚಂಡಮಾರುತಗಳು, ಬಹುಮಟ್ಟಿಗೆ ಮುಂಗಾರಿನ ಮುಂಚೆ ಮತ್ತು ಅದರ ನಂತರದ ತಿಂಗಳುಗಳಲ್ಲಿ ಉಂಟಾಗುತ್ತವೆ.

ನಡುಗಡಲಿನಲ್ಲಿ ಗಾಳಿಯನ್ನು ನೇರವಾಗಿ ಅಳೆಯುವ ಅವಕಾಶ ಕಡಿಮೆ. ಹೀಗಾಗಿ ಉಪಗ್ರಹ ಚಿತ್ರಗಳಲ್ಲಿನ ಮೋಡಗಳ ಸುರುಳಿಯ ವಿನ್ಯಾಸದಿಂದ ಬಿರುಗಾಳಿಯ ಬಲವನ್ನು ಅಂದಾಜು ಮಾಡಲಾಗುತ್ತದೆ. ಅಮೆರಿಕದ ವಿಜ್ಞಾನಿ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ತೀರ ಸಮೀಪಿಸಿದಂತೆ ಕರಾವಳಿಯ ರಾಡಾರ್‌ಗಳು ನೆರವಾಗುತ್ತವೆ.

ಅಂಕಿಗಳ ಅರ್ಥ

ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 62 ಕಿ.ಮೀ. ಮುಟ್ಟಿದರೆ ಚಂಡಮಾರುತ. ಆಗಲೇ ಅದಕ್ಕೆ ಹೆಸರಿಡಲಾಗುತ್ತದೆ. ಭಾರತದಲ್ಲಿ ಮೂರು ನಿಮಿಷಗಳ, ಅಮೆರಿಕದಲ್ಲಿ ಒಂದು ನಿಮಿಷದ, ಟೋಕಿಯೊದಲ್ಲಿ ಹತ್ತು ನಿಮಿಷಗಳ ಸರಾಸರಿ ವೇಗವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದೇ ಬಿರುಗಾಳಿಗೆ ಬೇರೆ ಬೇರೆ ಕೇಂದ್ರಗಳು ಬೇರೆ ಬೇರೆ ವೇಗ ಹೇಳಲು ಇದೂ ಒಂದು ಕಾರಣ.

ನಮ್ಮ ಇಲಾಖೆ ನಾಲ್ಕು ಹಂತಗಳಲ್ಲಿ ಸೂಚನೆ ನೀಡುತ್ತದೆ. ಕರಾವಳಿಯಲ್ಲಿ ಪ್ರತಿಕೂಲ ಹವೆ ಆರಂಭವಾಗುವ 72 ಗಂಟೆ ಮೊದಲು ಮೊದಲ ನಿಗಾ ಸೂಚನೆ, 48 ಗಂಟೆ ಮೊದಲು ಜಾಗೃತಿ ಸೂಚನೆ, 24 ಗಂಟೆ ಮೊದಲು ಎಚ್ಚರಿಕೆ ಹೊರಡುತ್ತವೆ. ನಾಲ್ಕನೆಯದು ಬಿರುಗಾಳಿ ನೆಲ ಮುಟ್ಟುವ 12 ಗಂಟೆ ಮುಂಚಿನ ಮುನ್ನೋಟ. ಬಂದರುಗಳಲ್ಲಿ 1ರಿಂದ 11ರವರೆಗಿನ ಸಂಕೇತಗಳಿವೆ. 8, 9 ಮತ್ತು 10 ಮಹಾ ಅಪಾಯವನ್ನು ಸೂಚಿಸಿದರೆ, 11 ಸಂಪರ್ಕ ಕಡಿದುಹೋಗಿರುವುದನ್ನು ತಿಳಿಸುತ್ತದೆ.

ಗೆರೆಯನ್ನಷ್ಟೇ ನಂಬಬಾರದು

ನಕ್ಷೆಯಲ್ಲಿ ಬಿರುಗಾಳಿಯ ಪಥದ ಸುತ್ತ ಶಂಕುವಿನಾಕಾರದ ಪ್ರದೇಶವೊಂದನ್ನು ಗುರುತಿಸಿರುತ್ತಾರೆ. ಅದು ಕೇಂದ್ರಬಿಂದು ಸಾಗಬಹುದಾದ ವ್ಯಾಪ್ತಿಯೇ ಹೊರತು ಹಾನಿಯ ಎಲ್ಲೆಯಲ್ಲ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತವು ಚೆನ್ನೈ ತೀರಕ್ಕೆ ಅಪ್ಪಳಿಸಲಿಲ್ಲ. ಉತ್ತರಕ್ಕೆ ಸಾಗಿ 5ರಂದು ಆಂಧ್ರಪ್ರದೇಶದ ಬಾಪಟ್ಲ ಬಳಿ ನೆಲ ಸೇರಿತು. ಆದರೆ ಅದಕ್ಕೆ ಮುನ್ನವೇ, 3 ಮತ್ತು 4ರಂದು ಸುರಿದ ಮಳೆಗೆ ಚೆನ್ನೈನ ಅಂಬತ್ತೂರು ಕೈಗಾರಿಕಾ ಪ್ರದೇಶ ಜಲಾವೃತವಾಯಿತು. ಸಣ್ಣ ಘಟಕಗಳ ಯಂತ್ರಗಳೂ ದಾಸ್ತಾನೂ ನೀರಿನಲ್ಲಿ ನಿಂತವು. ಬಿರುಗಾಳಿ ಎಲ್ಲಿ ದಡ ಮುಟ್ಟುವುದೆಂಬುದನ್ನು ಮಾತ್ರ ನೋಡುತ್ತ ಕುಳಿತವರಿಗೆ ಮಳೆಯ ಮುನ್ಸೂಚನೆ ತಪ್ಪಿಹೋಗುತ್ತದೆ.

ಮುನ್ಸೂಚನೆಯ ಪ್ರಯೋಜನವೇನೆಂಬುದಕ್ಕೆ ಒಡಿಶಾ ಸಾಕ್ಷಿ. 1999ರ ಅಕ್ಟೋಬರ್‌ನ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಮಡಿದರು. 2013ರ ಫೈಲಿನ್ ಸಹ ಅತಿ ಪ್ರಬಲವಾಗಿತ್ತು. ಆದರೆ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವಿನ ಸಂಖ್ಯೆ ಐವತ್ತನ್ನು ದಾಟಲಿಲ್ಲ.

ಸರಕಿನ ವಿಷಯದಲ್ಲಿಯೂ ಇದೇ ನೀತಿ ಅನ್ವಯಿಸುತ್ತದೆ. ಎಫ್.ಒ.ಬಿ. ಕರಾರಿನಲ್ಲಿ ಮಾಲು ಹಡಗೇರುವವರೆಗೂ ನಷ್ಟದ ಹೊಣೆ ಮಾರಾಟಗಾರನದೇ. ಬಂದರಿನ ಅಂಗಳದಲ್ಲಿ ಕಾಯುತ್ತಿರುವ ಕಂಟೇನರ್ ಆತನ ತಲೆಯ ಮೇಲಿನ ಭಾರವೇ. ಆದುದರಿಂದ ಮೊದಲ ನಿಗಾ ಸೂಚನೆ ಹೊರಟೊಡನೆ ರವಾನೆಯನ್ನು ತಡೆಹಿಡಿಯುವುದು, ಗೋದಾಮಿನ ನೆಲಮಟ್ಟದ ದಾಸ್ತಾನನ್ನು ಎತ್ತರಕ್ಕೆ ಸಾಗಿಸುವುದು, ಗ್ರಾಹಕರಿಗೆ ವಿಳಂಬದ ವಿಷಯ ತಿಳಿಸುವುದು ಜಾಣತನ. ವಿಮಾ ಪಾಲಿಸಿಯಲ್ಲಿ ಬಿರುಗಾಳಿ ಮತ್ತು ನೆರೆಯ ರಕ್ಷಣೆ ಸೇರಿದೆಯೇ ಎಂಬುದನ್ನಂತೂ ಚಂಡಮಾರುತದ ಋತು ಆರಂಭವಾಗುವ ಮೊದಲೇ ಪರಿಶೀಲಿಸಿಕೊಳ್ಳಬೇಕು.