ಕ್ಯಾಮೆರಾ ಕಾಣದ ಗಳಿಗೆಗೊಂದು ಆಲ್ಬಂ

ಮದುವೆಯಿರಲಿ, ಮುಂಜಿಯಿರಲಿ, ಮುಹೂರ್ತದ ಹೊತ್ತಿಗೆ ಎಲ್ಲರಿಗಿಂತ ಮುಂದೆ ನಿಂತಿರುವವನು ಫೋಟೋಗ್ರಾಫರ್. ಹಿಂದೆ ಕುಳಿತವರಿಗೆ ಕಾಣುವುದು ಅವನ ಬೆನ್ನು ಮಾತ್ರ. ಯಹೂದಿಗಳ ಮನೆಯಲ್ಲೂ ಮಕ್ಕಳ ಬಾಳಿನಲ್ಲಿ ಅಂಥದೇ ದೊಡ್ಡ ದಿನವೊಂದಿದೆ. ಆದರೆ ಸಂಪ್ರದಾಯಸ್ಥರ ಆಲ್ಬಂಗಳಲ್ಲಿ ಅದರ ಮುಖ್ಯ ಗಳಿಗೆಯ ಫೋಟೋ ಸಾಮಾನ್ಯವಾಗಿ ಇರುವುದೇ ಇಲ್ಲ. ತೆಗೆಯಲು ಮರೆತದ್ದಲ್ಲ, ತೆಗೆಯಕೂಡದು.

ಆ ದಿನದ ಹೆಸರು ಬಾರ್ ಮಿಟ್ಸ್‌ವಾ. 'ಆಜ್ಞೆಯ ಮಗ' ಎಂದು ಅರ್ಥ. 13 ವರ್ಷ ತುಂಬಿದ ಹುಡುಗನಿಗೆ ಧರ್ಮದ ವಿಧಿನಿಷೇಧಗಳ ಹೊಣೆ ತಂದೆಯ ಹೆಗಲಿನಿಂದ ಇಳಿದು ಬರುತ್ತದೆ. ಹುಡುಗಿಯರಿಗೆ ಸಂಪ್ರದಾಯದ ಲೆಕ್ಕದಲ್ಲಿ 12ಕ್ಕೇ ಈ ಹೊಣೆ ಬರುವುದಾದರೂ ಸಿನಗಾಗಿನಲ್ಲಿ ನಿಂತು ಓದುವ ಬಾಟ್ ಮಿಟ್ಸ್‌ವಾ ಈಚಿನದು. ಅಮೆರಿಕದಲ್ಲಿ ಮೊದಲನೆಯದೆಂದು ಹೆಸರಾದದ್ದು 1922ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ರಬ್ಬಿ ಮೊರ್ಡೆಕೈ ಕಪ್ಲಾನ್ ತಮ್ಮ ಮಗಳು ಜುಡಿತ್‌ಗೆ ಮಾಡಿಸಿದ್ದು. ಆಗಲೂ ಆಕೆ ಓದಿದ್ದು ಅಚ್ಚಾದ ಪುಸ್ತಕದಿಂದ, ತೋರಾದ ಸುರುಳಿಯಿಂದಲ್ಲ.

ಈ ಓದು ಹೆಚ್ಚಾಗಿ ನಡೆಯುವುದು ಶನಿವಾರ ಬೆಳಿಗ್ಗೆ, ಅಂದರೆ ಶಬ್ಬತ್ತಿನಂದು. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ಕತ್ತಲಾಗುವವರೆಗೆ ಬೆಂಕಿ ಹೊತ್ತಿಸುವಂತಿಲ್ಲ, ವಿದ್ಯುತ್ ಉಪಕರಣ ಮುಟ್ಟುವಂತಿಲ್ಲ, ಬರೆಯುವಂತಿಲ್ಲ, ಕತ್ತರಿಸಿ ಅಂಟಿಸುವಂತೆಯೂ ಇಲ್ಲ. ಕ್ಯಾಮೆರಾ ಹೋಗಲಿ, ಬಂದ ನೆಂಟರಿಂದ ಪುಸ್ತಕದಲ್ಲಿ ಒಂದು ಸಹಿ ಹಾಕಿಸಿಕೊಳ್ಳಲೂ ಆಗದು. ಉದಾರ ಪಂಥದ ಕೆಲವು ಸಿನಗಾಗುಗಳಲ್ಲಿ ಕ್ಯಾಮೆರಾಕ್ಕೆ ಅನುಮತಿ ಉಂಟು. ಸೋಮವಾರ, ಗುರುವಾರಗಳಂದೂ ತೋರಾ ಓದುವ ಪದ್ಧತಿ ಇರುವುದರಿಂದ ಕೆಲವರು ಆ ದಿನವನ್ನೇ ಆರಿಸಿಕೊಳ್ಳುತ್ತಾರೆ. ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಆ ಎರಡು ದಿನ ಬಾರ್ ಮಿಟ್ಸ್‌ವಾಗಳ ಸಂದಣಿ. ಉಳಿದವರು ವಾರದ ನಡುವೆ ತಾಲೀಮಿನ ಫೋಟೋ ತೆಗೆಸಿ ಸಮಾಧಾನಪಡಬೇಕು.

ಹೀಗಾಗಿ ಕೈಯಾರೆ ಆಲ್ಬಂ ಮಾಡುವ ತಾಯಿಗೋ ಅತ್ತೆಗೋ ಆಧಾರ ಕಾಗದಗಳೇ. ಆಮಂತ್ರಣ ಪತ್ರ, ಹುಡುಗನ ಹೆಸರು ಮತ್ತು ತಾರೀಖು ಒಳಗೆ ಅಚ್ಚಾದ ಪುಟ್ಟ ಟೋಪಿ, ಅವನು ಮಾಡಿದ ಭಾಷಣದ ಚಿತ್ತುಕಾಟಿನ ಕರಡು, ಅಜ್ಜ ಅಜ್ಜಿಯರಿಂದ ಮುಂಚೆಯೇ ಬರೆಸಿದ ಪತ್ರ. ಅಮೆರಿಕದಲ್ಲಿ 1970, 80ರ ದಶಕಗಳಲ್ಲಿ ಈ ಕಾಗದಗಳ ಜತೆಗೆ ಮತ್ತೊಂದು ಹೆಸರೂ ಸೇರುತ್ತಿತ್ತು. ಸೋವಿಯತ್ ಒಕ್ಕೂಟದಲ್ಲಿ ಈ ಸಂಸ್ಕಾರ ಮಾಡಿಕೊಳ್ಳಲಾಗದ ಯಹೂದಿ ಮಗುವೊಂದನ್ನು ತಮ್ಮ 'ಅವಳಿ' ಎಂದುಕೊಂಡು, ಅಮೆರಿಕದ ಮಕ್ಕಳು ಅದರ ಹೆಸರಿನಲ್ಲೂ ಆ ದಿನವನ್ನು ಆಚರಿಸುತ್ತಿದ್ದರು.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಅಭ್ಯಾಸದ ಹಾಳೆ. ತೋರಾದ ಸುರುಳಿಯನ್ನು ಇಂದಿಗೂ ಚರ್ಮದ ಹಾಳೆಯ ಮೇಲೆ ಲೇಖನಿಯಿಂದ ಕೈಯಲ್ಲೇ ಬರೆಯುತ್ತಾರೆ. ಅದರಲ್ಲಿ ಸ್ವರಚಿಹ್ನೆಯಿಲ್ಲ, ರಾಗದ ಗುರುತೂ ಇಲ್ಲ. ಕಾಗುಣಿತವಿಲ್ಲದ ಬರಹವನ್ನು, ಅದೂ ರಾಗವಾಗಿ, ಊರವರೆದುರು ಓದುವ ಕಷ್ಟ ಊಹಿಸಿಕೊಳ್ಳಿ. ಅದಕ್ಕಾಗಿ ಹುಡುಗ ಚಿಹ್ನೆಗಳಿರುವ ಪ್ರತಿಯೊಂದನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಉರು ಹೊಡೆಯುತ್ತಾನೆ. ಪೆನ್ಸಿಲ್ ಗೀಟು, ಬೆರಳ ಕಲೆ ಎಲ್ಲವೂ ಆ ಹಾಳೆಯಲ್ಲಿ ಉಳಿದಿರುತ್ತವೆ.

ಆದರೆ ಅದರ ಮೇಲೆ ಕತ್ತರಿ ಆಡಿಸುವ ಮುನ್ನ ಎಚ್ಚರ ಬೇಕು. ದೇವರ ನಾಮವಿರುವ ಬರಹವನ್ನು ಆಚಾರವಂತರು ಅಳಿಸುವುದಿಲ್ಲ, ಕಸಕ್ಕೂ ಹಾಕುವುದಿಲ್ಲ. ಹಳತಾದರೆ ಗೆನೀಜಾ ಎಂಬ ಕೋಣೆಯಲ್ಲಿಟ್ಟು ಆಮೇಲೆ ಹೂಳುತ್ತಾರೆ. ಕೈರೋದ ಬೆನ್ ಎಜ್ರಾ ಸಿನಗಾಗಿನ ಇಂಥ ಕೋಣೆಯಲ್ಲಿ ವ್ಯಾಪಾರದ ಕಾಗದಗಳೂ ಶತಮಾನಗಳ ಕಾಲ ಉಳಿದವು. 12ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ಕಿದ್ದು ಈ ರಾಶಿಯಲ್ಲೇ. ಕಾಗದ ಬಿಸಾಡದ ಅಭ್ಯಾಸದಿಂದ ನಮಗೂ ಲಾಭವಾಯಿತೆನ್ನಬೇಕು.

ಇನ್ನು ಆಲ್ಬಂ ಕಟ್ಟುವ ಕೆಲಸ. ಹೀಬ್ರೂ ಬಲದಿಂದ ಎಡಕ್ಕೆ ಸಾಗುವ ಲಿಪಿ. ಹೀಬ್ರೂ ಕ್ರಮದಲ್ಲಿ ಆಲ್ಬಂ ತೆರೆಯಬೇಕಾದರೆ ಹೊಲಿಗೆ ಬಲಗಡೆ ಬರಬೇಕು. ನಮಗೆ ಹಿಂಬದಿ ಅನ್ನಿಸುವ ರಟ್ಟೇ ಅದರ ಮುಖಪುಟ. ಅಕ್ಷರಗಳೇ ಅಂಕಿಗಳಾಗಿರುವ ಆ ಭಾಷೆಯಲ್ಲಿ 'ಜೀವ' ಎಂಬ ಪದದ ಮೊತ್ತ 18 ಆಗುವುದರಿಂದ ಉಡುಗೊರೆಯ ಹಣವನ್ನು 18, 36, 54 ಎಂದು ಕೊಡುವ ರೂಢಿಯಿದೆ. ಹಾಳೆಗಳೂ 18 ಇದ್ದರೆ ಚೆಂದ. ಹಾಳೆ ಆಮ್ಲರಹಿತವಾಗಿರಬೇಕು. ಫೋಟೋಗಳನ್ನು ಕಾಗದದ ಮೂಲೆಗಳಲ್ಲಿ ಸಿಕ್ಕಿಸಬೇಕೇ ಹೊರತು ಸೆಲೋಟೇಪ್ ಬೇಡ. 1970ರ ದಶಕದಲ್ಲಿ ಮನೆಮನೆಗೂ ಬಂದ ಅಂಟುಹಾಳೆಯ ಆಲ್ಬಂಗಳು ಹಳದಿಯಾಗಿ ಎಷ್ಟೋ ಚಿತ್ರಗಳನ್ನು ಕೆಡಿಸಿವೆ.

ಕೊನೆಯ ಕೆಲವು ಹಾಳೆಗಳನ್ನು ಹೊಲಿಯದೆ ಬಿಡಿಯಾಗಿಟ್ಟುಕೊಳ್ಳುವುದು ಜಾಣತನ. ಶನಿವಾರ ಸಂಜೆ ಆಕಾಶದಲ್ಲಿ ಮೂರು ನಕ್ಷತ್ರ ಕಂಡರೆ ಶಬ್ಬತ್ ಮುಗಿಯುತ್ತದೆ. ರಾತ್ರಿಯ ಔತಣದಲ್ಲಿ ಆ ಹಾಳೆಗಳನ್ನೂ ಪೆನ್ನುಗಳನ್ನೂ ಮೇಜಿನ ಮೇಲೆ ಇಟ್ಟರಾಯಿತು. ಬೆಳಿಗ್ಗೆ ಹುಡುಗ ಯಾವ ಸಾಲಿನಲ್ಲಿ ತಡವರಿಸಿದ, ಯಾರು ಕಣ್ಣೊರೆಸಿಕೊಂಡರು ಎಂಬುದನ್ನು ಕಂಡವರೇ ಬರೆದುಕೊಡುತ್ತಾರೆ.