ಹೂ ಬಿದ್ದ ಕಣ್ಣು, ಮಣ್ಣು ಸೇರುವ ಕಣ್ಣು

ಬೀದರ ನಗರಕ್ಕೆ ಸಮೀಪದ ಅಷ್ಟೂರದಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ನಿಂತಿವೆ. ಅಲ್ಲಿ ಅಹ್ಮದ್ ಶಹಾನ ಉರುಸಿಗೆ ಪ್ರತಿವರ್ಷವೂ ಹಿಂದೂ ಮುಸಲ್ಮಾನರಿಬ್ಬರೂ ನೆರೆಯುವರು. ಮಡಿದವರನ್ನು ಇಷ್ಟು ಆದರದಿಂದ ಸ್ಮರಿಸುವ ನಾಡು, ಮಡಿದವರಿಂದ ಬದುಕಿರುವವರಿಗೆ ಬೆಳಕನ್ನು ದೊರಕಿಸುವ ಮಾರ್ಗವನ್ನೂ ಅರಿಯಬೇಕೆಂಬುದೇ ಈ ಲೇಖನದ ಉದ್ದೇಶವು.

ಕಬ್ಬಿನ ಗರಿ ತಗಲುವುದು, ತೊಗರಿಯ ಕೂಳೆ ಚುಚ್ಚುವುದು, ರಾಶಿಯ ಹೊತ್ತಿನಲ್ಲಿ ಕಾಳು ಸಿಡಿಯುವುದು, ಎಲೆಯಡಿಕೆಯ ಸುಣ್ಣ ಕೂಸಿನ ಕಣ್ಣಿಗೆ ಹಾರುವುದು: ಇವು ನಮ್ಮ ಹೊಲಮನೆಗಳ ಕಥೆಗಳೇ. ಗಾಯವು ಹುಣ್ಣಾಗಿ ಮಾಯ್ದ ಮೇಲೆ ಬಿಳಿಯ ಕಲೆ ಉಳಿಯುವುದು. ಅದನ್ನೇ ಜನರು ಕಣ್ಣಿಗೆ ಹೂ ಬಿದ್ದಿತೆನ್ನುವರು. ಕಣ್ಣಿನ ಮುಂಭಾಗದ, ಅರ್ಧ ಮಿಲಿಮೀಟರಿನಷ್ಟು ದಪ್ಪದ ಗಾಜಿನಂಥ ಪಾರಪಟಲವು, ಎಂದರೆ ಕಾರ್ನಿಯಾ, ಮಸುಕಾದುದರ ಫಲವಿದು. ಆ ಕಣ್ಣಿನ ಒಳಭಾಗವು ಅನೇಕ ವೇಳೆ ಆರೋಗ್ಯವಾಗಿಯೇ ಇರುವುದು. ಕಿಟಕಿಯ ಗಾಜು ಮಾತ್ರ ಕೆಟ್ಟಿರುವುದು.

ಆ ಗಾಜನ್ನು ಬದಲಿಸಬಹುದೆಂಬುದನ್ನು ಜಗತ್ತಿಗೆ ಮೊದಲು ತೋರಿದ ರೋಗಿಯೂ ಒಬ್ಬ ಕೂಲಿಕಾರನೇ. ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡಿದ್ದ ಅಲೋಯಿಸ್ ಗ್ಲೋಗರನಿಗೆ, ಇಂದಿನ ಚೆಕ್ ದೇಶದ ಓಲೊಮೌಟ್ಸ್ ನಗರದಲ್ಲಿ, 1905ರ ಡಿಸೆಂಬರ್ 7ರಂದು ಡಾ. ಎಡ್ವರ್ಡ್ ಜಿರ್ಮ್ ಶಸ್ತ್ರಕ್ರಿಯೆ ಮಾಡಿದರು. ಗಾಯಗೊಂಡು ತೆಗೆಯಲೇಬೇಕಾಗಿದ್ದ ಬಾಲಕನೊಬ್ಬನ ಕಣ್ಣಿನಿಂದ ಪಟಲವು ದೊರೆಯಿತು. ಒಂದು ಕಣ್ಣಿನ ಕಸಿ ಕೆಟ್ಟಿತು. ಇನ್ನೊಂದು ತಿಳಿಯಾಗಿ ಉಳಿಯಿತು. ಆತನು ಮರಳಿ ದುಡಿಮೆಗೆ ಹೋದನು.

ನಮ್ಮಲ್ಲಿಯೇ ಉದಾಹರಣೆಯಿಲ್ಲವೇ? 2006ರಲ್ಲಿ ಡಾ. ರಾಜಕುಮಾರರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರರು ಅಕಾಲದಲ್ಲಿ ತೀರಿಕೊಂಡಾಗ, ಅವರ ಪಟಲಗಳನ್ನು ಮುಂಪದರ ಹಿಂಪದರಗಳಾಗಿ ಬೇರ್ಪಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ನೀಡಿದರು. ಅನಂತರ ಕಣ್ಣು ದಾನಕ್ಕೆ ಹೆಸರು ಬರೆಸಲು ಜನರು ಮುಂದೆ ಬಂದರು. ಆದರೆ ಹೆಸರು ಬರೆಸಿದ ಮಾತ್ರಕ್ಕೆ ಕಣ್ಣು ದೊರೆಯದು. ಪ್ರಾಣ ಹೋದ ಆರು ತಾಸಿನೊಳಗೆ ಮನೆಯವರು ಒಪ್ಪಿ ನೇತ್ರಭಂಡಾರಕ್ಕೆ ತಿಳಿಸಬೇಕು. ಹೆಸರು ಬರೆಸದವರ ಕಣ್ಣನ್ನೂ ಮನೆಯವರು ಕೊಡಬಹುದು. ಕೆಲಸವು ಅರ್ಧ ತಾಸಿನೊಳಗೆ ಮನೆಯಲ್ಲಿಯೇ ಮುಗಿಯುವುದು; ಮುಖವು ವಿಕಾರವಾಗದು. ಕನ್ನಡಕ ಧರಿಸಿದವರೂ, ಮಧುಮೇಹಿಗಳೂ, ಪೊರೆ ತೆಗೆಸಿಕೊಂಡ ವೃದ್ಧರೂ ದಾನಕ್ಕೆ ಅರ್ಹರು.

ಆರು ತಾಸು ಬೀದರದಿಂದ ಬೆಂಗಳೂರಿನ ದಾರಿಗೂ ಸಾಲದು. ತೆಗೆದ ಪಟಲವನ್ನು ತಣ್ಣನೆಯ ದ್ರವದಲ್ಲಿ ಕೆಲವು ದಿನ ಕಾಪಾಡಬಹುದು. ಅದು ದೂರ ಪ್ರಯಾಣ ಮಾಡಬಲ್ಲದು, ಶವವು ಕಾಯಲಾರದು. ಆದುದರಿಂದ ಭಾಲ್ಕಿ, ಔರಾದಗಳ ಹಳ್ಳಿಗೂ ಹಗಲಿರುಳು ಹೊತ್ತಿಗೆ ತಲಪಬಲ್ಲ ತರಬೇತಾದ ಸಿಬ್ಬಂದಿ ಜಿಲ್ಲೆಯಲ್ಲಿಯೇ ಇರತಕ್ಕದ್ದು. ಇದನ್ನು ಸರಕಾರದಿಂದ ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಕಸಿಯೆಂಬುದು ಮಂತ್ರವೂ ಅಲ್ಲ. ಕೂದಲಿಗಿಂತ ನವುರಾದ ನೂಲಿನ ಹೊಲಿಗೆಗಳು ತಿಂಗಳುಗಟ್ಟಲೆ ಇರಬೇಕಾದೀತು. ಔಷಧವನ್ನು ತಪ್ಪದೆ ಹಾಕಬೇಕು. ಕಣ್ಣು ಕೆಂಪೇರಿ ನೋಟ ಮಂಜಾದರೆ ಅಂದೇ ವೈದ್ಯರಲ್ಲಿಗೆ ಓಡಬೇಕು. ಸುಣ್ಣವು ಆಳವಾಗಿ ಸುಟ್ಟ ಕಣ್ಣಿನಲ್ಲಿ ಕಸಿ ನಿಲ್ಲುವುದೇ ಕಷ್ಟ. ಆದಕಾರಣ ಸುಣ್ಣ ಬಿದ್ದೊಡನೆ ಅರ್ಧ ತಾಸಾದರೂ ಶುದ್ಧ ನೀರು ಸುರಿದು ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ನೆಟ್ಟ ಮುಳ್ಳನ್ನು ಕೀಳಬೇಡಿರಿ, ಒತ್ತಬೇಡಿರಿ. ಸೊಪ್ಪಿನ ರಸ, ಎದೆಹಾಲು ಹಿಂಡಬೇಡಿರಿ.

ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಈ ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಇಚ್ಛೆಯನ್ನು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿರಿ. ಅಳುವಿನ ಮನೆಯಲ್ಲಿ ಆ ಮಾತು ನೆನಪಾದರೆ, ಮಣ್ಣು ಸೇರುವ ಕಣ್ಣು ಯಾವನೋ ಒಕ್ಕಲಿಗನನ್ನು ಮತ್ತೆ ತನ್ನ ಹೊಲಕ್ಕೆ ನಡೆಸೀತು.